ಮಿದುಳಿನ ಜಿಡ್ಡು ಅಳೆಯಬೇಕಾ? ಫ್ರೀಜರ್, ಫಾರ್ಮಾಲಿನ್ ಜಾಡಿ, ಮೇಣದ ಬ್ಲಾಕ್: ಯಾವುದನ್ನು ಕೇಳಬೇಕು

ಪಿಎಚ್‌ಡಿ ಶುರು ಮಾಡಿದವರು, ಪೆಥಾಲಜಿ ಓದುತ್ತಿರುವ ಡಾಕ್ಟರುಗಳು ನನ್ನನ್ನು ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಮಿದುಳಿನ ಲಿಪಿಡ್ ಮೇಲೆ ಕೆಲಸ ಮಾಡಬೇಕು ಅಂತಿದ್ದೀನಿ. ಎಲ್‌ಸಿ-ಎಂಎಸ್ ಒಳ್ಳೇದಾ, ಮಾಲ್ಡಿ ಇಮೇಜಿಂಗ್ ಒಳ್ಳೇದಾ?" ಲಿಪಿಡ್ ಅಂದರೆ ಜಿಡ್ಡು. ಆ ಎರಡೂ ಹೆಸರು ಜಿಡ್ಡಿನ ಅಣುಗಳನ್ನು ತೂಕದಿಂದ ಗುರುತಿಸೋ ಯಂತ್ರಗಳದು. ನಾನು ತಿರುಗಿ ಕೇಳುತ್ತೇನೆ: ನಿಮಗೆ ಸಿಗೋ ಮಿದುಳನ್ನು ಯಾವುದರಲ್ಲಿ ಇಟ್ಟಿದ್ದಾರೆ? ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿರೋದಿಲ್ಲ.

ಯಂತ್ರ ಆಮೇಲಿನ ಮಾತು. ಮಿದುಳನ್ನು ಯಾವುದರಲ್ಲಿ ಕಾಪಾಡಿದ್ದಾರೋ ಅದೇ ಅರ್ಧ ತೀರ್ಮಾನ ಮಾಡಿಬಿಟ್ಟಿರುತ್ತದೆ. ಕೆಲವು ಜಿಡ್ಡುಗಳು ಆ ಜಾಡಿಯಲ್ಲಿ ಉಳಿದಿರುತ್ತವೆ, ಕೆಲವು ಎಂದೋ ಹೋಗಿರುತ್ತವೆ. ಹೋದದ್ದನ್ನು ಎಷ್ಟು ಕೋಟಿಯ ಯಂತ್ರವೂ ವಾಪಸ್ ತರೋದಿಲ್ಲ.

ಮೊದಲು ಯಾವ ಜಿಡ್ಡಿನ ಬಗ್ಗೆ ಮಾತಾಡುತ್ತಿದ್ದೇವೆ ಅಂತ ನೋಡೋಣ. ಮಿದುಳಿನಿಂದ ನೀರು ತೆಗೆದರೆ ಉಳಿಯೋದರಲ್ಲಿ ಅರ್ಧದಷ್ಟು ಜಿಡ್ಡೇ. ನರತಂತುಗಳಿಗೆ ಸುತ್ತಿಕೊಂಡಿರೋ ಮೈಲಿನ್ ಹೊದಿಕೆಯಲ್ಲಂತೂ ಒಣ ತೂಕದ ಶೇ. 70ರಿಂದ 80ರಷ್ಟು ಜಿಡ್ಡು. ದೇಹದ ತೂಕದಲ್ಲಿ ಶೇ. 2ರಷ್ಟಿರೋ ಮಿದುಳಿನಲ್ಲಿ ದೇಹದ ಕೊಲೆಸ್ಟರಾಲ್‌ನ ಸುಮಾರು ಐದನೇ ಒಂದು ಭಾಗ ಕೂತಿದೆ. ಆದರೆ ಹೊಟ್ಟೆಯ ಸುತ್ತ ಸೇರೋ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಇಲ್ಲಿ ತೀರಾ ಕಮ್ಮಿ. ಇಲ್ಲಿರೋದು ಪೊರೆ ಕಟ್ಟೋ ಜಿಡ್ಡು: ಕೊಲೆಸ್ಟರಾಲ್, ಫಾಸ್ಫೋಲಿಪಿಡ್‌ಗಳು, ಮತ್ತೆ ಸ್ಫಿಂಗೋಲಿಪಿಡ್ ಮನೆತನದ ಸೆರೆಬ್ರೊಸೈಡ್, ಸಲ್ಫಟೈಡ್, ಸ್ಫಿಂಗೋಮೈಲಿನ್, ಗ್ಯಾಂಗ್ಲಿಯೋಸೈಡ್‌ಗಳು. ಸ್ಫಿಂಗೋ ಅನ್ನೋ ಹೆಸರು ಬಂದದ್ದು ಸ್ಫಿಂಕ್ಸ್‌ನಿಂದ. ಲಂಡನ್ನಿನಲ್ಲಿ ಮಿದುಳುಗಳನ್ನು ಆಲ್ಕೋಹಾಲಿನಲ್ಲಿ ನೆನೆಹಾಕಿ ವರ್ಷಗಟ್ಟಲೆ ತಲೆಕೆಡಿಸಿಕೊಂಡ ಜರ್ಮನ್ ಡಾಕ್ಟರ್ ಥುಡಿಕಮ್, 1884ರ ಹೊತ್ತಿಗೆ ಈ ವಸ್ತು ಒಡ್ಡಿದ ಒಗಟುಗಳಿಗೆ ಸೋತು ಆ ಹೆಸರಿಟ್ಟ.

ಕಾಯಿಲೆಗೂ ಇದಕ್ಕೂ ಏನು ಸಂಬಂಧ ಅಂತ ಜಾಸ್ತಿ ಹೇಳಬೇಕಾಗಿಲ್ಲ. ಟೇ-ಸ್ಯಾಕ್ಸ್ ಕಾಯಿಲೆಯಲ್ಲಿ ಜಿಎಂ2 ಗ್ಯಾಂಗ್ಲಿಯೋಸೈಡ್ ತುಂಬಿಕೊಳ್ಳುತ್ತದೆ. ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೋಫಿಯಲ್ಲಿ ಸಲ್ಫಟೈಡ್ ತುಂಬಿಕೊಳ್ಳುತ್ತದೆ. ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ಮೈಲಿನ್ನೇ ಕಳಚಿ ಬೀಳುತ್ತದೆ. ಆಲ್ಝೈಮರ್ 1907ರಲ್ಲಿ ಪ್ರಕಟಿಸಿದ ಆ ಮೊದಲ ರೋಗಿಯ ವರದಿಯಲ್ಲೇ ನರಕೋಶಗಳಿಗೆ ಆಸರೆಯಾಗಿರೋ ಗ್ಲಿಯಾ ಕೋಶಗಳೊಳಗಿನ ಜಿಡ್ಡಿನ ಗುಳ್ಳೆಗಳ ಮಾತಿದೆ. ಆಮೇಲೆ ಎಲ್ಲರ ಕಣ್ಣೂ ಪ್ರೋಟೀನಿನ ಗಂಟುಗಳ ಮೇಲೆ ಬಿತ್ತು. ಜಿಡ್ಡು ಬಹಳ ಕಾಲ ಮೂಲೆಗೆ ಸೇರಿತ್ತು.

ಆರಿಸೋ ಮೊದಲು ಕೇಳಿಕೊಳ್ಳಬೇಕಾದ್ದು

ಒಂದು, ನಿಮಗೆ ಬೇಕಾದ ಜಿಡ್ಡು ಯಾವುದು. "ಎಲ್ಲಾ ಲಿಪಿಡ್‌ಗಳನ್ನೂ ನೋಡ್ತೀನಿ" ಅನ್ನೋರು ಕೊನೆಗೆ ಯಾವುದನ್ನೂ ಸರಿಯಾಗಿ ನೋಡಿರೋದಿಲ್ಲ. ಕೊಲೆಸ್ಟರಾಲ್, ಸೆರೆಬ್ರೊಸೈಡ್, ಸ್ಫಿಂಗೋಮೈಲಿನ್ ಗಟ್ಟಿ ಪಿಂಡಗಳು. ಬಿಡಿ ಕೊಬ್ಬಿನಾಮ್ಲ, ಡೈಅಸೈಲ್‌ಗ್ಲಿಸರಾಲ್, ಲೈಸೋ ಫಾಸ್ಫೋಲಿಪಿಡ್, ಪ್ಲಾಸ್ಮಲೋಜೆನ್ (ಇದೂ ಒಂದು ಬಗೆಯ ಫಾಸ್ಫೋಲಿಪಿಡ್) ಇವೆಲ್ಲ ಮುಟ್ಟಿದರೆ ಮುನಿ.

ಎರಡು, ನಿಮ್ಮ ಪ್ರಶ್ನೆ "ಎಷ್ಟು" ಅಂತಲೋ, "ಎಲ್ಲಿ" ಅಂತಲೋ. ಎರಡಕ್ಕೂ ದಾರಿ ಬೇರೆ.

ಮೂರು, ಸಾವಿನಿಂದ ಫ್ರೀಜರ್ ಅಥವಾ ಜಾಡಿ ಸೇರೋವರೆಗೆ ಎಷ್ಟು ಗಂಟೆ ಕಳೆದಿದೆ. ರಕ್ತ ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿನ ಪೊರೆಗಳಿಂದ ಕೊಬ್ಬಿನಾಮ್ಲ ಬಿಡಿಯಾಗಿ ಉದುರಲು ಶುರುವಾಗುತ್ತದೆ. 1970ರಲ್ಲೇ ನಿಕೋಲಸ್ ಬಸಾನ್ ಇದನ್ನು ಪ್ರಾಣಿಗಳ ಮಿದುಳಿನಲ್ಲಿ ತೋರಿಸಿದ್ದರು. ಹಾಗಾಗಿ ಹನ್ನೆರಡು ಗಂಟೆ ಶವಾಗಾರದಲ್ಲಿದ್ದ ಮಿದುಳಿನಲ್ಲಿ ಅರಾಕಿಡೋನಿಕ್ ಆಮ್ಲ ಅನ್ನೋ ಕೊಬ್ಬಿನಾಮ್ಲ ಜಾಸ್ತಿ ಕಂಡರೆ ಅದು ಕಾಯಿಲೆಯ ಕೆಲಸವೋ ಕಾಯುವಿಕೆಯ ಕೆಲಸವೋ ಹೇಳೋದು ಕಷ್ಟ. ಗಂಟೆಯ ಜೊತೆಗೆ ಮಿದುಳಿನ ಪಿಎಚ್ ಎಷ್ಟು ಅಂತಲೂ ಕೇಳಿ. ಕೊನೆಯ ದಿನಗಳಲ್ಲಿ ಉಸಿರಿಗೆ ಒದ್ದಾಡಿದವರ ಮಿದುಳು ಹುಳಿಯಾಗಿರುತ್ತದೆ. ಗಂಟೆಯ ಲೆಕ್ಕ ಇದನ್ನು ಹೇಳೋದಿಲ್ಲ.

ನಾಲ್ಕು, ಎಷ್ಟು ಜನರ ಮಿದುಳು ಸಿಗುತ್ತದೆ. ಅಪರೂಪದ ಕಾಯಿಲೆಯಾದರೆ ಫ್ರೀಜರಿನಲ್ಲಿ ಒಂದೂ ಇಲ್ಲದೆ, ಮೂವತ್ತು ವರ್ಷದ ಹಿಂದಿನ ಜಾಡಿಗಳು ಮಾತ್ರ ಇರಬಹುದು.

ಐದನೆಯದು ದುಡ್ಡು. ಇದನ್ನು ಕೊನೆಗೆ ಇಟ್ಟದ್ದು ಬೇಕಂತಲೇ. ಮೇಲಿನ ನಾಲ್ಕಕ್ಕೆ ಉತ್ತರ ಸಿಕ್ಕರೆ ಎಷ್ಟೋ ಸಲ ಖರ್ಚು ತಾನೇ ಇಳಿಯುತ್ತದೆ.

ಫ್ರೀಜರಿನದು

ಮೈನಸ್ 80 ಡಿಗ್ರಿಯಲ್ಲಿ ಇಟ್ಟ ಹೋಳು. ಜಿಡ್ಡಿನ ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಯಾವ ರಾಸಾಯನಿಕವೂ ಸೋಕಿರೋದಿಲ್ಲ, ಎಲ್ಲಾ ಬಗೆಯ ಲಿಪಿಡ್‌ಗಳೂ ಹೆಚ್ಚುಕಮ್ಮಿ ಇದ್ದಲ್ಲೇ ಇರುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಬ್ರೇನ್ ಬ್ಯಾಂಕ್ ಇದೆ. ಹೊರಗಡೆ ನೋಡಿದರೆ 1985ರಲ್ಲಿ ಶುರುವಾದ ನೆದರ್ಲೆಂಡ್ಸ್ ಬ್ರೇನ್ ಬ್ಯಾಂಕ್, ಸಾವಿನ ನಂತರ ಆದಷ್ಟು ಬೇಗ ಮಿದುಳು ತೆಗೆಯೋದಕ್ಕೆ ಹೆಸರಾದದ್ದು. ಎಷ್ಟೋ ಬ್ಯಾಂಕುಗಳಲ್ಲಿ ಮಿದುಳಿನ ಒಂದು ಅರ್ಧ ಫ್ರೀಜರಿಗೆ, ಇನ್ನೊಂದು ಅರ್ಧ ಫಾರ್ಮಾಲಿನ್‌ಗೆ ಹೋಗುತ್ತದೆ. ಅಂದರೆ ಒಬ್ಬರದೇ ಮಿದುಳಿನ ಎರಡೂ ರೂಪ ಕೇಳಿ ಪಡೆಯಬಹುದು. ಇದು ಗೊತ್ತಿಲ್ಲದೆ ಒಂದನ್ನೇ ಕೇಳೋರು ಬಹಳ ಜನ.

ತೊಂದರೆಗಳೂ ಇವೆ. ಹಸಿ ಮಿದುಳು ಗಿಣ್ಣಿನ ಹಾಗೆ ಮೆತ್ತಗೆ. ನಿಧಾನಕ್ಕೆ ಹೆಪ್ಪುಗಟ್ಟಿದರೆ ಒಳಗೆ ಐಸಿನ ಹರಳು ಬೆಳೆದು ಕೋಶಗಳ ಆಕಾರ ಹಾಳಾಗುತ್ತದೆ. ಆಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ತೂತು ತೂತು. ಫಿಕ್ಸ್ ಮಾಡದ, ಅಂದರೆ ರಾಸಾಯನಿಕದಲ್ಲಿ ನೆನೆಸಿ ಗಟ್ಟಿ ಮಾಡದ ಮಿದುಳಿಗೆ ಸೋಂಕಿನ ಭಯವೂ ಇದೆ. ರೇಬಿಸ್, ಎಚ್‌ಐವಿ, ಟಿಬಿ ಯಾವುದೂ ಇಲ್ಲ ಅಂತ ಕಾಗದದಲ್ಲಿ ಇರಬೇಕು. ಇನ್ನು ಡೀಪ್ ಫ್ರೀಜರ್ ಕೆಟ್ಟ ರಾತ್ರಿ, ಜನರೇಟರ್ ಎತ್ತಿಕೊಳ್ಳದ ರಾತ್ರಿ ಏನಾಗುತ್ತದೆ ಅಂತ ನಾನು ವಿವರಿಸೋದು ಬೇಡ. ಒಮ್ಮೆ ಕರಗಿ ಮತ್ತೆ ಗಟ್ಟಿಯಾದ ಹೋಳು ನೋಡೋಕೆ ಚೆನ್ನಾಗಿಯೇ ಇರುತ್ತದೆ. ಒಳಗಿನ ಕಿಣ್ವಗಳು ಆ ಹೊತ್ತಿನಲ್ಲಿ ತಮ್ಮ ಕೆಲಸ ಮಾಡಿ ಮುಗಿಸಿರುತ್ತವೆ.

ಇಲ್ಲಿ ಒಂದು ಕೈಕೆಲಸ ಹೇಳಲೇಬೇಕು, ಏಕೆಂದರೆ ಎಷ್ಟೋ ಫಲಿತಾಂಶ ಕೆಡೋದು ಇಲ್ಲೇ. ಡ್ರೈ ಐಸ್ ಮೇಲೆ ಲೋಹದ ತಟ್ಟೆ, ತಟ್ಟೆಯ ಮೇಲೆ ಹೋಳು. ಹೊರಗಡೆ ಬೂದು ಭಾಗ ಎರಡು ಮೂರು ಮಿಲಿಮೀಟರ್ ದಪ್ಪದ ಪಟ್ಟಿ, ಒಳಗೆ ಕೆನೆ ಬಣ್ಣದ ಬಿಳಿ ಭಾಗ. ಬ್ಲೇಡಿನಿಂದ ಬೂದು ಭಾಗ ಮಾತ್ರ ಕೆರೆದು ತೆಗೆಯಬೇಕು. ಕೈ ಒಂದು ಕೂದಲೆಳೆ ಒಳಗೆ ಹೋದರೂ ಬಿಳಿ ಭಾಗ ಸೇರಿಕೊಳ್ಳುತ್ತದೆ. ಬಿಳಿ ಭಾಗದಲ್ಲಿ ಸೆರೆಬ್ರೊಸೈಡ್, ಸಲ್ಫಟೈಡ್ ತುಂಬಿ ತುಳುಕುತ್ತಿರುತ್ತವೆ. ಆಮೇಲೆ "ರೋಗಿಗಳಲ್ಲಿ ಸಲ್ಫಟೈಡ್ ಕಮ್ಮಿ" ಅಂತ ಗ್ರಾಫ್ ಬರುತ್ತದೆ. ಕಮ್ಮಿ ಆದದ್ದು ಕಾಯಿಲೆಯಿಂದಲೋ, ಆ ದಿನ ಬ್ಲೇಡ್ ಹಿಡಿದವರ ಕೈ ಹುಷಾರಾಗಿದ್ದದ್ದರಿಂದಲೋ? ಅದಕ್ಕೇ ಯಾವುದು ರೋಗಿಯದು, ಯಾವುದು ಹೋಲಿಕೆಯದು ಅಂತ ಗೊತ್ತಿಲ್ಲದವರ ಕೈಯಲ್ಲೇ ಕೆರೆಸೋದು ಒಳ್ಳೆಯದು.

ಫಾರ್ಮಾಲಿನ್ ಜಾಡಿ

ನಿಮ್ಹಾನ್ಸ್‌ನ ಮಿದುಳು ಮ್ಯೂಸಿಯಂಗೆ ಹೋದವರು ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಿರುತ್ತಾರೆ. ಗಿಣ್ಣಿನಂತಿದ್ದದ್ದು ರಬ್ಬರಿನಂತಾಗಿರುತ್ತದೆ. ಫಾರ್ಮಾಲಿನ್‌ನಲ್ಲಿರೋ ಫಾರ್ಮಾಲ್ಡಿಹೈಡ್ ಪ್ರೋಟೀನುಗಳಿಗೆ ಒಂದಕ್ಕೊಂದು ಗಂಟು ಹಾಕಿದ್ದರ ಫಲ ಅದು. 1893ರಲ್ಲಿ ಫರ್ಡಿನಂಡ್ ಬ್ಲೂಮ್ ಈ ಗುಣ ಗುರುತಿಸಿದ ಮೇಲೆ ಜಗತ್ತಿನ ಪೆಥಾಲಜಿ ವಿಭಾಗಗಳೆಲ್ಲ ಇದರ ವಾಸನೆಯಲ್ಲೇ ಬೆಳೆದಿವೆ.

ಫಾರ್ಮಾಲಿನ್ ಜಿಡ್ಡನ್ನು ಕರಗಿಸೋದಿಲ್ಲ. ಇದನ್ನು ಕೇಳಿ "ಹಾಗಾದ್ರೆ ಪರವಾಗಿಲ್ಲ ಅಲ್ವಾ" ಅಂತ ಖುಷಿಪಡಬೇಡಿ. ಅದು ಅಮೈನ್ ಅನ್ನೋ ನೈಟ್ರೋಜನ್ ಇರೋ ಗುಂಪು ಕಂಡಲ್ಲೆಲ್ಲ ಅಂಟಿಕೊಳ್ಳುತ್ತದೆ. ಫಾಸ್ಫಟಿಡೈಲ್ ಎಥನಾಲಮೈನ್, ಫಾಸ್ಫಟಿಡೈಲ್ ಸೆರೀನ್ ಎರಡರ ತಲೆಯಲ್ಲೂ ಅಮೈನ್ ಇದೆ. ಅಂಟಿಕೊಂಡ ಮೇಲೆ ಅವುಗಳ ತೂಕವೇ ಬದಲು. ಮಾಸ್ ಸ್ಪೆಕ್ಟ್ರೋಮೀಟರ್ ಗುರುತಿಸೋದು ತೂಕದಿಂದ, ಹಾಗಾಗಿ ನೀವು ಹುಡುಕೋ ಜಾಗದಲ್ಲಿ ಅವು ಇರೋದಿಲ್ಲ. ಮಿದುಳಿನ ಪ್ಲಾಸ್ಮಲೋಜೆನ್‌ಗಳು ಬಹುಪಾಲು ಎಥನಾಲಮೈನ್ ಬಗೆಯವೇ. ಮೇಲಿಂದ ಅವಕ್ಕೆ ಹುಳಿಯೂ ಆಗಿಬರೋದಿಲ್ಲ. ಹಳೆಯ ಫಾರ್ಮಾಲಿನ್ ತಾನಾಗಿ ಫಾರ್ಮಿಕ್ ಆಮ್ಲವಾಗುತ್ತಾ ಹೋಗುತ್ತದೆ, ಹುಳಿ ಏರದಂತೆ ತಡೆಯೋ ಬಫರ್ ಹಾಕಿರದಿದ್ದರೆ ಇನ್ನೂ ಜೋರಾಗಿ. ಆಲ್ಝೈಮರ್ ಮಿದುಳಿನ ಪ್ಲಾಸ್ಮಲೋಜೆನ್ ಅಳೆಯೋ ಆಸೆ ಇದ್ದರೆ ಜಾಡಿಯ ಹತ್ತಿರವೂ ಹೋಗಬೇಡಿ.

ವರ್ಷಗಟ್ಟಲೆ ಇಟ್ಟರೆ ಫಾಸ್ಫೋಲಿಪಿಡ್‌ಗಳ ಒಂದು ಬಾಲ ಕಳಚಿ ಲೈಸೋ ರೂಪಕ್ಕೆ ತಿರುಗುತ್ತವೆ. ನೀರಿನ ಕಡೆ ವಾಲೋ ಗ್ಯಾಂಗ್ಲಿಯೋಸೈಡ್‌ಗಳ ಒಂದಂಶ ದ್ರವಕ್ಕೇ ಇಳಿಯಬಹುದು. ಕೊಲೆಸ್ಟರಾಲ್, ಸ್ಫಿಂಗೋಮೈಲಿನ್, ಸೆರೆಬ್ರೊಸೈಡ್‌ಗಳು ಮಾತ್ರ ಉಪ್ಪಿನಕಾಯಿಯೊಳಗಿನ ಮಿಡಿಯ ಹಾಗೆ ಗಟ್ಟಿಯಾಗಿ ಕೂತಿರುತ್ತವೆ.

ಇನ್ನೊಂದು ಸಂಗತಿ ಜನ ಮರೆಯುತ್ತಾರೆ. ಫಾರ್ಮಾಲಿನ್ ಒಳಗಿಳಿಯೋದು ಮೊದಮೊದಲು ಗಂಟೆಗೆ ಒಂದು ಮಿಲಿಮೀಟರಿನಷ್ಟು, ಆಮೇಲೆ ಇನ್ನೂ ನಿಧಾನ. ಇಡೀ ಮಿದುಳು ಗಟ್ಟಿಯಾಗೋಕೆ ಎರಡು ಮೂರು ವಾರ ಬೇಕು. ಅಲ್ಲಿಯವರೆಗೆ ನಡುವಿನ ಭಾಗ ಹಸಿಯಾಗಿಯೇ ಕೊಳೆಯುತ್ತಿರುತ್ತದೆ. ಮೇಲ್ಮೈಯ ತುಂಡನ್ನೂ ಆಳದ ತುಂಡನ್ನೂ ಹೋಲಿಸೋ ಮೊದಲು ಇದು ನೆನಪಿರಲಿ.

ಹಾಗಂತ ಜಾಡಿಯನ್ನು ತಳ್ಳಿಹಾಕಬೇಡಿ. "ಎಲ್ಲಿ" ಅನ್ನೋ ಪ್ರಶ್ನೆಗೆ ಬಣ್ಣ ಹಾಕಿ ಉತ್ತರ ಹುಡುಕೋದಾದರೆ ಫ್ರೀಜರಿಗಿಂತ ಜಾಡಿಯೇ ನನಗೆ ಇಷ್ಟ. ತುಂಡನ್ನು ಸಕ್ಕರೆ ದ್ರಾವಣದಲ್ಲಿ ತಳ ಸೇರೋವರೆಗೆ ನೆನೆಸಿ, ಹೆಪ್ಪುಗಟ್ಟಿಸಿ, ಕ್ರಯೋಸ್ಟಾಟ್‌ನಲ್ಲಿ (ಹೆಪ್ಪುಗಟ್ಟಿದ ತುಂಡನ್ನು ತೆಳುವಾಗಿ ಹೆರೆಯೋ ಯಂತ್ರ) ಹೆರೆದರೆ ಆಕಾರವೂ ಉಳಿಯುತ್ತದೆ, ಜಿಡ್ಡೂ ಉಳಿಯುತ್ತದೆ. ಅಪರೂಪದ ಮಕ್ಕಳ ಕಾಯಿಲೆಗಳಿಗಂತೂ ಎಷ್ಟೋ ಕಡೆ ಉಳಿದಿರೋದು ಜಾಡಿಗಳು ಮಾತ್ರ.

ಮೇಣದ ಬ್ಲಾಕ್

ಸುಲಭವಾಗಿ ಸಿಗೋದು, ಅಗ್ಗ, ಕರೆಂಟು ಬೇಡ, ಕಪಾಟಿನಲ್ಲಿ ದಶಕಗಟ್ಟಲೆ ಇರುತ್ತದೆ. ಆದರೆ ಪ್ಯಾರಾಫಿನ್ ಒಳಗೆ ಕೂರಿಸೋಕೆ ಮೊದಲು ಆಲ್ಕೋಹಾಲಿನಲ್ಲಿ ನೀರು ತೆಗೆಯುತ್ತಾರೆ, ಆಮೇಲೆ ಝೈಲೀನ್, ಆಮೇಲೆ ಸುಮಾರು 60 ಡಿಗ್ರಿಯ ಬಿಸಿ ಮೇಣ. ಜಿಡ್ಡು ತೆಗೆಯೋಕೆ ಅಂತಲೇ ಯಾರಾದರೂ ವಿಧಾನ ಬರೆದರೆ ಹೀಗೇ ಬರೆಯುತ್ತಾರೆ! ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಂಡ ಒಂದಷ್ಟು ಫಾಸ್ಫೋಲಿಪಿಡ್ ಉಳಿಯೋದು ನಿಜ. ಅದರ ಮೇಲೆ "ಎಷ್ಟು" ಅನ್ನೋ ಲೆಕ್ಕ ಕಟ್ಟೋಕಾಗದು.

ಬ್ಲಾಕ್ ಕೆಲಸಕ್ಕೆ ಬರೋದು ಜಿಡ್ಡಿನ ಹೆಜ್ಜೆಗುರುತು ನೋಡೋಕೆ. ಲಕ್ಸಾಲ್ ಫಾಸ್ಟ್ ಬ್ಲೂ ಹಾಕಿದರೆ ಮೈಲಿನ್ ಇರೋ ಜಾಗ ನೀಲಿ, ಕಳಚಿದ ಜಾಗ ಪೇಲವ. ಮೈಲಿನ್ ಬೇಸಿಕ್ ಪ್ರೋಟೀನ್, ಜಿಡ್ಡು ಹೊತ್ತೊಯ್ಯೋ ಅಪೋ-ಇ, ಜಿಡ್ಡಿನ ಹನಿಗಳಿಗೆ ಕವಚವಾಗಿರೋ ಪೆರಿಲಿಪಿನ್, ಇವುಗಳಿಗೆ ಆಂಟಿಬಾಡಿ ಹಾಕಬಹುದು. ವಯಸ್ಸಾದ ನರಕೋಶದಲ್ಲಿ ಸೇರೋ ಲಿಪೋಫಸಿನ್ ಕೂಡ ಬ್ಲಾಕಿನಲ್ಲಿ ಉಳಿದು ತಾನೇ ಹೊಳೆಯುತ್ತದೆ. ನೂರು ರೋಗಿಗಳ ಬ್ಲಾಕ್ ಕಪಾಟಿನಲ್ಲಿದ್ದು, ಥೀಸಿಸ್ಸಿಗೆ ಎರಡು ವರ್ಷ ಮಾತ್ರ ಇದ್ದರೆ ಇದು ಕೆಟ್ಟ ಆಯ್ಕೆಯೇನಲ್ಲ. ಥೀಸಿಸ್ ಹೆಸರಿನಲ್ಲಿ "ಲಿಪಿಡೋಮಿಕ್ಸ್" (ಎಲ್ಲಾ ಲಿಪಿಡ್‌ಗಳ ಅಳತೆ) ಅಂತ ಹಾಕಬೇಡಿ, ಅಷ್ಟೇ.

ಈಗ ಯಂತ್ರದ ಮಾತು

ಬಣ್ಣ ಹಾಕೋದು ಎಲ್ಲಕ್ಕಿಂತ ಅಗ್ಗ. ಆಯಿಲ್ ರೆಡ್ ಓ ಹಾಕಿದರೆ ಕೋಶದೊಳಗಿನ ಜಿಡ್ಡಿನ ಹನಿಗಳು ಕುಂಕುಮದ ಚುಕ್ಕಿಯ ಹಾಗೆ ಕಾಣುತ್ತವೆ. ಮೈಲಿನ್ ಒಡೆದ ಜಾಗದಲ್ಲಿ ಅದನ್ನು ನುಂಗಿದ ಮ್ಯಾಕ್ರೊಫೇಜ್‌ಗಳು ಕೆಂಪಗೆ ಊದಿಕೊಂಡಿರೋದನ್ನು ಒಮ್ಮೆ ನೋಡಿದರೆ ಮರೆಯೋಕಾಗಲ್ಲ. ಕೊಲೆಸ್ಟರಾಲ್‌ಗೆ ಫಿಲಿಪಿನ್ ಅನ್ನೋ ಹೊಳೆಯೋ ಬಣ್ಣ ಇದೆ. ಅದರ ಹೊಳಪು ನೋಡುನೋಡುತ್ತಲೇ ಮಂಕಾಗುತ್ತದೆ, ಹಾಗಾಗಿ ಮೊದಲು ಫೋಟೋ ತೆಗೆದು ಆಮೇಲೆ ಚರ್ಚೆ ಮಾಡಿ. ಇದರ ಮಿತಿ ಏನು ಅಂದರೆ, ಯಾವ ಗುಂಪಿನ ಜಿಡ್ಡು ಅಂತ ಹೇಳುತ್ತದೆಯೇ ಹೊರತು ಯಾವ ಅಣು ಅಂತ ಹೇಳೋದಿಲ್ಲ.

ಎಚ್‌ಪಿಟಿಎಲ್‌ಸಿ, ಅಂದರೆ ಸಿಲಿಕಾ ತಟ್ಟೆಯ ಮೇಲೆ ಲಿಪಿಡ್ ಓಡಿಸೋದು. ಈಗಿನ ಹುಡುಗ ಹುಡುಗಿಯರಿಗೆ ಇದು ಅಜ್ಜನ ಕಾಲದ್ದು ಅನಿಸುತ್ತದೆ. ನನಗೆ ಇದರ ಮೇಲೆ ಸ್ವಲ್ಪ ಪಕ್ಷಪಾತ ಇದೆ, ಒಪ್ಪಿಕೊಳ್ಳುತ್ತೇನೆ. ಕ್ಲೋರೋಫಾರ್ಮ್, ಮೆಥನಾಲ್, ನೀರು 65:25:4ರ ಲೆಕ್ಕದಲ್ಲಿ ಬೆರೆಸಿ ಗಾಜಿನ ತೊಟ್ಟಿಗೆ ಹಾಕಿ, ತಟ್ಟೆ ನಿಲ್ಲಿಸಿ. ದ್ರವ ಮೇಲೇರಿದ ಮೇಲೆ ಒಣಗಿಸಿ, ಓರ್ಸಿನಾಲ್ ಸಿಂಪಡಿಸಿ, ಬಿಸಿ ಮಾಡಿ. ನೇರಳೆ ಗೆರೆಗಳು ಏಳುತ್ತವೆ. ಸೆರೆಬ್ರೊಸೈಡ್ ಒಂದು ಗೆರೆಯಾಗಿ ಅಲ್ಲ, ಜೋಡಿ ಗೆರೆಯಾಗಿ ಬರುತ್ತದೆ. ಹೈಡ್ರಾಕ್ಸಿ ಇರೋ ಕೊಬ್ಬಿನಾಮ್ಲದ್ದು ಕೆಳಗೆ, ಇಲ್ಲದ್ದು ಮೇಲೆ. ಮೆಟಾಕ್ರೊಮ್ಯಾಟಿಕ್ ಲ್ಯೂಕೋಡಿಸ್ಟ್ರೋಫಿಯ ತುಂಡಿನ ಪಕ್ಕ ಹೋಲಿಕೆಯ ತುಂಡು ಓಡಿಸಿದರೆ ಸಲ್ಫಟೈಡ್ ಗೆರೆ ದಪ್ಪಗಿರೋದು ಬರಿಗಣ್ಣಿಗೇ ಕಾಣುತ್ತದೆ. ಒಂದು ಗುಂಪಿನ ಜಿಡ್ಡು ಎರಡು ಮೂರು ಪಟ್ಟು ಏರುಪೇರಾಗಿದೆಯಾ ಅನ್ನೋದಷ್ಟೇ ಪ್ರಶ್ನೆಯಾದರೆ ಇಷ್ಟು ಸಾಕು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲಾ ತುಪ್ಪಕ್ಕೆ ಅಲೆಯೋದು ಯಾಕೆ?

ಎಲ್‌ಸಿ-ಎಂಎಸ್‌ಗೆ ಹೋಗೋದು ಅಣು ಅಣುವಿನ ಲೆಕ್ಕ ಬೇಕಾದಾಗ. ಹತ್ತಿಪ್ಪತ್ತು ಮಿಲಿಗ್ರಾಂ ಮಿದುಳು ಸಾಕು, ನೂರಾರು ಲಿಪಿಡ್ ಹೊರಬರುತ್ತವೆ. ಮೊದಲ ಹೆಜ್ಜೆ ಮಾತ್ರ ಹಳೆಯದೇ: 1957ರ ಫೋಲ್ಚ್ ವಿಧಾನ, ಎರಡು ಪಾಲು ಕ್ಲೋರೋಫಾರ್ಮ್‌ಗೆ ಒಂದು ಪಾಲು ಮೆಥನಾಲ್. ನೀರು ಸೇರಿಸಿ ತಿರುಗಿಸಿದರೆ ಮೇಲೆ ನೀರಿನ ಪದರ, ನಡುವೆ ಪ್ರೋಟೀನಿನ ಬಿಳಿ ಬಿಲ್ಲೆ, ತಳದಲ್ಲಿ ಜಿಡ್ಡು. ಆ ಬಿಲ್ಲೆ ದಾಟಿಸಿ ಪಿಪೆಟ್ ಇಳಿಸೋದು ಬೇಜಾರಿನ ಕೆಲಸ. ಅದು ಬೇಡ ಅನ್ನೋರಿಗೆ 2008ರಲ್ಲಿ ಬಂದ ಎಂಟಿಬಿಇ ವಿಧಾನ ಇದೆ, ಅದರಲ್ಲಿ ಜಿಡ್ಡು ಮೇಲಕ್ಕೇ ತೇಲುತ್ತದೆ. ಯಾವುದಾದರೂ ಸರಿ, ಗಾಜಿನ ಟ್ಯೂಬೇ ಇರಲಿ. ಕ್ಲೋರೋಫಾರ್ಮ್ ಪ್ಲಾಸ್ಟಿಕ್ಕನ್ನು ಕರಗಿಸಿ ಅದನ್ನೂ ನಿಮ್ಮ ಲೆಕ್ಕಕ್ಕೆ ಸೇರಿಸುತ್ತದೆ. ತಿರುಗಿಸೋಕೆ ಮೊದಲೇ ಡ್ಯೂಟೀರಿಯಂ ಇರೋ ಇಂಟರ್ನಲ್ ಸ್ಟ್ಯಾಂಡರ್ಡ್ (ಹೋಲಿಸಿ ಅಳೆಯೋಕೆ ಗೊತ್ತಿರೋ ಪ್ರಮಾಣದ ಲಿಪಿಡ್) ಹಾಕಿ. ಅದು ದುಬಾರಿ. ಅಲ್ಲಿ ಉಳಿಸೋಕೆ ಹೋದರೆ ಆಮೇಲೆ ಬರೋದು ಸಂಖ್ಯೆಯಲ್ಲ, ಬರೀ ಅಂದಾಜು.

ಗೊತ್ತಿರಬೇಕಾದ ಇನ್ನೊಂದು ಗುಂಡಿ: ಗ್ಯಾಲಕ್ಟೋಸಿಲ್ ಸೆರಮೈಡ್, ಗ್ಲೂಕೋಸಿಲ್ ಸೆರಮೈಡ್ ಎರಡರ ತೂಕವೂ ಒಂದೇ. ಮಾಸ್ ಸ್ಪೆಕ್‌ಗೆ ಅವಳಿ ಮಕ್ಕಳು. ಮಿದುಳಿನಲ್ಲಿ ಮೊದಲನೆಯದು ರಾಶಿ ರಾಶಿ, ಎರಡನೆಯದು ಚಿಟಿಕೆಯಷ್ಟು. ಗ್ಲೂಕೋಸಿಲ್ ಸೆರಮೈಡ್ ತುಂಬಿಕೊಳ್ಳೋ ಗೌಶೆ ಕಾಯಿಲೆ ಅಥವಾ ಅದೇ ಜಿಬಿಎ ಜೀನಿನ ಪಾರ್ಕಿನ್ಸನ್ ಮೇಲೆ ಕೆಲಸ ಮಾಡೋರಿಗೆ ಬೇಕಾದದ್ದು ಆ ಚಿಟಿಕೆ. ಎರಡನ್ನೂ ಬೇರ್ಪಡಿಸೋ ಕಾಲಮ್ ಇದೆಯಾ ಅಂತ ಸ್ಯಾಂಪಲ್ ಕಳಿಸೋ ಮೊದಲೇ ಕೇಳಿ.

ಮಾಲ್ಡಿ ಇಮೇಜಿಂಗ್ ಕಣ್ಣಿಗೆ ಹಬ್ಬ. ಹತ್ತು ಹನ್ನೆರಡು ಮೈಕ್ರಾನ್ ತೆಳುವಿನ ಹೋಳಿನ ಮೇಲೆ ಮ್ಯಾಟ್ರಿಕ್ಸ್ ಪುಡಿ ಕೂರಿಸಿ ಲೇಸರಿನಿಂದ ಚುಕ್ಕಿ ಚುಕ್ಕಿಯಾಗಿ ಓದಿದರೆ, ಯಾವ ಅಣು ಎಲ್ಲಿದೆ ಅಂತ ನಕ್ಷೆಯೇ ಬರುತ್ತದೆ. ನೆಗೆಟಿವ್ ಮೋಡ್‌ನಲ್ಲಿ (ಋಣ ವಿದ್ಯುತ್ತಿನ ಅಣುಗಳನ್ನು ಓದೋ ಕ್ರಮ) ಸಲ್ಫಟೈಡ್ ಆರಿಸಿದರೆ ಬಿಳಿ ಭಾಗವಷ್ಟೇ ದೀಪ ಹಚ್ಚಿದ ಹಾಗೆ ಬೆಳಗುತ್ತದೆ. ಆದರೆ ಬೆಳಕು ಎರಡು ಪಟ್ಟು ಅಂದರೆ ಜಿಡ್ಡೂ ಎರಡು ಪಟ್ಟು ಅಂತಲ್ಲ. ಪಕ್ಕದಲ್ಲಿ ಜೋರಾಗಿ ಕೂಗೋ ಅಣು ಇದ್ದರೆ ಮೆಲ್ಲಗಿನ ದನಿ ಕೇಳಿಸೋದಿಲ್ಲ, ಪಾಸಿಟಿವ್ ಮೋಡ್‌ನಲ್ಲಿ ಫಾಸ್ಫಟಿಡೈಲ್ ಕೋಲೀನ್ ಮಾಡೋದು ಅದನ್ನೇ. ಯಂತ್ರ ಕೋಟಿಗಳ ಮಾತು, ಹಾಗಾಗಿ ಇರೋ ಕಡೆ ಹೋಗಿ ದಿನದ ಲೆಕ್ಕದಲ್ಲಿ ಬಳಸೋದು ವಾಸಿ.

ಇಲ್ಲಿ ನಾನು ಕೈ ಸುಟ್ಟುಕೊಂಡದ್ದನ್ನು ಹೇಳಿಬಿಡುತ್ತೇನೆ. ಮೊದಲ ಸಲ ಹೋದಾಗ ಎಂಟು ಜನರ ಮಿದುಳಿನ ಹೋಳು ತಗೊಂಡು ಹೋಗಿದ್ದೆ. ರಾತ್ರಿಯೆಲ್ಲಾ ಓಡಿಸಿದ್ದಾಯಿತು. ಬೆಳಿಗ್ಗೆ ನೋಡಿದರೆ ಪರದೆಯ ತುಂಬಾ ಏಣಿಯ ಮೆಟ್ಟಿಲಿನ ಹಾಗೆ ಗೆರೆಗಳು, ಒಂದರಿಂದ ಇನ್ನೊಂದಕ್ಕೆ ಸರಿಯಾಗಿ 44ರ ಅಂತರ. ಪಕ್ಕದಲ್ಲಿದ್ದ ಆಪರೇಟರ್ ಕಾಫಿ ಲೋಟ ಕೆಳಗಿಟ್ಟು "ಓಸಿಟಿ ಹಾಕಿದ್ರಾ ಮೇಡಂ?" ಅಂದರು. ಹಾಕಿದ್ದೆ. ಕ್ರಯೋಸ್ಟಾಟ್‌ನಲ್ಲಿ ಹೋಳು ನಿಲ್ಲಿಸೋಕೆ ಎಲ್ಲರೂ ಬಳಸೋ ಆ ಅಂಟಿನಲ್ಲಿ ಪಾಲಿಎಥಿಲೀನ್ ಗ್ಲೈಕಾಲ್ ಇರುತ್ತದೆ. 44 ಅದರ ಕೊಂಡಿಯ ತೂಕ. ಒಂದು ಹನಿ ನೀರಿನಿಂದ ಅಂಟಿಸಿದ್ದರೆ, ಇಲ್ಲವೇ ಜೆಲಟಿನ್ ಹಾಕಿದ್ದರೆ ಸಾಕಿತ್ತು.

ನಿಮಗೆ ಯಾವುದು

ಬಜೆಟ್ ಕಮ್ಮಿ, ಸ್ಟೋರೇಜ್ ಕಾಯಿಲೆ (ಟೇ-ಸ್ಯಾಕ್ಸ್‌ನ ಹಾಗೆ ಜಿಡ್ಡು ತುಂಬಿಕೊಳ್ಳೋದು) ಅಥವಾ ಲ್ಯೂಕೋಡಿಸ್ಟ್ರೋಫಿ ಪ್ರಶ್ನೆ: ಫ್ರೀಜರಿನ ಚಿಕ್ಕ ತುಂಡು, ಎಚ್‌ಪಿಟಿಎಲ್‌ಸಿ, ಜೊತೆಗೆ ಜಾಡಿಯಿಂದ ಎರಡು ಹೋಳಿಗೆ ಬಣ್ಣ. ಫ್ರೀಜರಿನದು ಇಲ್ಲವೇ ಇಲ್ಲ ಅಂದರೆ ಜಾಡಿಯಿಂದಲೇ ಶುರು ಮಾಡಿ. ತುಂಬಿಕೊಂಡಿದೆ ಅಂತ ತೋರಿಸಬಹುದು, ಎಷ್ಟು ಅಂತ ಹೇಳೋಕೆ ಹೋಗಬೇಡಿ. ಆಲ್ಝೈಮರ್, ಪಾರ್ಕಿನ್ಸನ್‌ನಲ್ಲಿ ಅಣುಗಳ ಸಣ್ಣ ಏರಿಳಿತ ಬೇಕು ಅನ್ನೋರಿಗೆ ಫ್ರೀಜರ್ ಮತ್ತು ಎಲ್‌ಸಿ-ಎಂಎಸ್ ಬಿಟ್ಟರೆ ದಾರಿಯಿಲ್ಲ. ಹತ್ತು ಮಿದುಳಿಗೆ ಮೂರು ಯಂತ್ರ ಬಳಸೋದಕ್ಕಿಂತ, ವಯಸ್ಸು ಮತ್ತು ಸಾವಿನ ನಂತರದ ಗಂಟೆ ಹೊಂದಿಸಿದ ಮೂವತ್ತು ಮಿದುಳಿಗೆ ಒಂದೇ ಯಂತ್ರ ಬಳಸೋದಕ್ಕೆ ನನ್ನ ಓಟು. ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಗಾಯದ ಅಂಚಿನಲ್ಲಿ ಏನಾಗುತ್ತಿದೆ ಅನ್ನೋರಿಗೆ ಮಾಲ್ಡಿ ನಿಜವಾಗಿಯೂ ಬೇಕು, ಏಕೆಂದರೆ ಅಂಚನ್ನು ಅರೆದರೆ ಅಂಚೇ ಇರೋದಿಲ್ಲ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಬಂದ ಮೇಲೆ ಬ್ರೇನ್ ಬ್ಯಾಂಕಿಗೆ ಬರೆಯುವಾಗ ಇಷ್ಟನ್ನು ಕೇಳಿ: ಸಾವಿನಿಂದ ಎಷ್ಟು ಗಂಟೆ, ಪಿಎಚ್ ಎಷ್ಟು, ಎಷ್ಟು ಸಲ ಕರಗಿದೆ, ಜಾಡಿಯಾದರೆ ಎಷ್ಟು ವರ್ಷ ಮತ್ತು ಬಫರ್ ಹಾಕಿದ್ದಾ, ಹೋಳಾದರೆ ಓಸಿಟಿ ತಾಗಿದೆಯಾ. ಎಷ್ಟು ತೂಕ ಬೇಕು ಅನ್ನೋ ಜಾಗದಲ್ಲಿ ಸುಮ್ನೆ "5 ಗ್ರಾಂ" ಅಂತ ತುಂಬಬೇಡಿ. 200 ಮಿಲಿಗ್ರಾಂ ಸಾಕಾದರೆ 200 ಅಂತಲೇ ಬರೆಯಿರಿ. ಬ್ಯಾಂಕಿನವರು ಬೇಗ ಒಪ್ಪುತ್ತಾರೆ, ಅದೇ ಹೋಳು ಇನ್ನಿಪ್ಪತ್ತು ಜನಕ್ಕೆ ಆಗುತ್ತದೆ.